ಮರದ ಬಿಲ್ಲಿನ ಕಂತು

"ಬಂದ ನೋಡು, ಇನ್ನೊಬ್ಬ ಗಾಲಿಯವನು," ಎಂದಳು ಸಿಗ್ನೆ, ಟಿವಿಯ ಕಡೆ ಗದ್ದ ಎತ್ತಿ.

ಪರದೆಯ ಮೇಲೆ ಎಲೆಬಣ್ಣದ ಅಂಗಿ ತೊಟ್ಟ ಗಂಡಸೊಬ್ಬ ಮರವೇರಿ ಕುಳಿತಿದ್ದ. ಅವನ ಬಿಲ್ಲಿನ ಎರಡೂ ತುದಿಗೆ ಗಾಲಿಗಳು, ನಡುವೆ ಗುರಿ ಹಿಡಿಯಲು ಹಸಿರಾಗಿ ಮಿನುಗುವ ಸೂಜಿಗಳು. ಜಿಂಕೆ ದೂರದಲ್ಲಿ, ಸೋಯಾ ಹೊಲದ ಆಚೆ ಅಂಚಿನಲ್ಲಿ ನಿಂತಿತ್ತು. ಅವನು ಗುಂಡಿ ಒತ್ತಿದ, ಬಾಣ ಹೋಯಿತು, ಜಿಂಕೆ ಬಿತ್ತು. ಕೂಡಲೇ ಸಂಗೀತ ಶುರುವಾಗಿ ಅವನು ಮುಷ್ಟಿ ಬಿಗಿದು ಕ್ಯಾಮೆರಾಕ್ಕೆ ನಕ್ಕ.

"ಬೆಳಗ್ಗೆ ಕಾಫಿ ಕುಡಿದಾಗಿಂದ ನೋಡ್ತಿದೀನಿ. ಬೇಟೆ ಚಾನೆಲ್ ಅಂತೆ. ಒಂದೇ ಒಂದು ಬಿಲ್ಲು ಬರ್ಲಿಲ್ಲ."

"ಅದೂ ಬಿಲ್ಲೇ ಕಣಮ್ಮ," ಎಂದಳು ಮಾರಿಟ್. ಅವಳು ಒಂದು ಕಡೆ ನಿಲ್ಲಲಾರದೆ ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದಳು.

"ಗಾಲಿ ಇರೋದು ನನ್ನ ಕುರ್ಚಿಗೆ. ಬಿಲ್ಲಿಗ್ಯಾಕೆ ಗಾಲಿ?"

ಮಾರಿಟಳ ಜಾಕೆಟ್ಟಿನ ತೋಳಿನ ಮೇಲೆ ಗಾಲಿಬಿಲ್ಲು ಮಾಡುವ ಕಂಪನಿಯೊಂದರ ಹೆಸರು ಹೊಲಿದಿತ್ತು. ಅವಳೂ ಅವಳ ಗಂಡ ಕರ್ಟನೂ ಸೇರಿ ಅದೇ ಚಾನೆಲ್ಲಿಗೆ 'ಬೆಟ್ಟದಂಚಿನ ಬೇಟೆ' ಎಂಬ ಕಾರ್ಯಕ್ರಮ ಮಾಡುತ್ತಿದ್ದರು. ಒಬ್ಬರು ಬೇಟೆಯಾಡಿದರೆ ಇನ್ನೊಬ್ಬರು ಕ್ಯಾಮೆರಾ ಹಿಡಿಯುವುದು. ಸಿಗ್ನೆ ಮಗಳ ಕಾರ್ಯಕ್ರಮ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಮುಗಿದ ಮೇಲೆ "ಚೆನ್ನಾಗಿತ್ತು" ಎನ್ನುತ್ತಿದ್ದಳು, ಚರ್ಚಿನ ಊಟದಲ್ಲಿ ಪಕ್ಕದವರು ಮಾಡಿ ತಂದ ಆಲೂಗಡ್ಡೆ ಸಲಾಡಿಗೆ ಹೇಳುವ ಹಾಗೆ.

ಕಿಕಾಪೂ ಹೊಳೆಯ ಆ ಕಣಿವೆಯಲ್ಲಿ ಸಿಗ್ನೆ ತ್ವೇಟ್ ಎಂದರೆ ಮರದ ಬಿಲ್ಲು. ಹಿಕರಿ ಮರವನ್ನು ತಾನೇ ಸೀಳಿ, ಕೆತ್ತಿ, ಹದಮಾಡಿದ ಬಿಲ್ಲು. ಮದುವೆಯಾದ ಹೊಸತರಲ್ಲಿ ಅದನ್ನು ಹೆಗಲಿಗೇರಿಸಿ ಹೊರಟವಳನ್ನು ಕಂಡು ಹೆಂಡದಂಗಡಿಯ ಗಂಡಸರು ಕೆಮ್ಮಿ ನಗುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು. ಕಳೆದ ಚಳಿಗಾಲ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿಯಿತು, ಭುಜವೂ ಹೋಯಿತು. ಮಗಳ ಮನೆಗೆ ಬಂದವಳು ಈಗ ಇಡೀ ದಿನ ಟಿವಿಯ ಎದುರು ಕುಳಿತು ಗಾಲಿಗಳನ್ನು ಬಯ್ಯುತ್ತಿದ್ದಳು.

"ಈ ಸಲ ನಾನು ನಿನ್ನ ಬಿಲ್ಲು ಹಿಡೀತೀನಿ," ಎಂದುಬಿಟ್ಟಳು ಮಾರಿಟ್. ಬೇಸಿಗೆಯಿಡೀ ಕೊಟ್ಟಿಗೆಯ ಹಿಂದೆ ಹುಲ್ಲಿನ ಹೊರೆಗೆ ಬಾಣ ಬಿಟ್ಟು ಅಭ್ಯಾಸ ಮಾಡಿದ್ದು ಇದಕ್ಕೇ ಎಂದು ಅವಳಿಗೆ ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ.

ಸಿಗ್ನೆ ಟಿವಿಯ ಸದ್ದು ತಗ್ಗಿಸಿದಳು. "ಟಿವೀಲಾ?"

"ಟಿವೀಲಿ."

"ಕರ್ಟ್‌ಗೆ ಹೇಳಿದೀಯ?"

"ಇನ್ನೂ ಇಲ್ಲ."

"ಹೋಗಿ ಹೇಳು. ಆಮೇಲೆ ನನಗೆ ಹೇಳು," ಎಂದಳು ಸಿಗ್ನೆ. ಆದರೆ ಸದ್ದನ್ನು ಮತ್ತೆ ಏರಿಸಲಿಲ್ಲ.

ಕರ್ಟ್ ಶೆಡ್ಡಿನಲ್ಲಿ ಕ್ಯಾಮೆರಾದ ಬ್ಯಾಟರಿಗಳನ್ನು ಒರೆಸುತ್ತಿದ್ದ. ಪೂರ್ತಿ ಕೇಳಿಸಿಕೊಂಡು ಆಗದೆಂದು ನಿಧಾನವಾಗಿ ತಲೆಯಾಡಿಸಿದ.

"ಮರದ ಬಿಲ್ಲಿಗಾದ್ರೆ ಹದಿನೈದು ಗಜಕ್ಕೆ ಬರ್ಬೇಕು ಜಿಂಕೆ. ಅಲ್ಲೀವರೆಗೆ ಜನ ಏನು ನೋಡ್ತಾರೆ? ನಿನ್ನ ಮೂಗನ್ನಾ?"

"ಚೆನ್ನಾಗೇ ಇದೆಯಲ್ಲ ಮೂಗು."

"ನನಗೆ ಚೆನ್ನಾಗಿದೆ. ಜಾಹೀರಾತು ಕೊಡೋರಿಗೆ?"

ಆದರೂ ಅವನೇ ಫೋನ್ ಮಾಡಿ ಚಾನೆಲ್ಲಿನ ಪ್ಯಾಟ್ರೀಸಳನ್ನು ಒಪ್ಪಿಸಿದ. ಒಂದೇ ಕಂತು, ಎಂದಳು ಅವಳು. ಜಿಂಕೆ ಬಿದ್ದರೆ ಹಾಕುತ್ತೇವೆ, ಬೀಳದಿದ್ದರೆ ಹಳೆಯದನ್ನೇ ಮತ್ತೆ ಹಾಕುತ್ತೇವೆ. ಜಾಹೀರಾತು ಕೊಡುವ ಗಾಲಿಬಿಲ್ಲಿನ ಕಂಪನಿ ಮುಖ ಊದಿಸಿಕೊಂಡು ಹೂಂ ಅಂದಿತು.

ನವೆಂಬರಿನ ಮೊದಲ ವಾರ ಗಂಡ ಹೆಂಡತಿ ಓಕ್ ಮರದ ಅಟ್ಟಣೆ ಏರಿದರು. ಅವಳು ಕೆಳಗಿನ ಹಲಗೆಯಲ್ಲಿ, ಅವಳ ಭುಜದ ಮೇಲಿಂದ ಇಣುಕುವ ಕ್ಯಾಮೆರಾ ಹಿಡಿದು ಅವನು ಮೇಲಿನದರಲ್ಲಿ. ಹಿಂದೆಲ್ಲ ಕಾಡಿನಲ್ಲಿ ಗಂಟೆಗಟ್ಟಲೆ ಕದಲದೆ ಕೂರುತ್ತಿದ್ದ ಮಾರಿಟಳಿಗೆ ಈಗ ಮೈಯೆಲ್ಲ ಇರುವೆ ಹರಿದಂತೆ. ಕೈಗವಸು ತೆಗೆಯುವಳು, ಹಾಕುವಳು. ಹೆದೆಯನ್ನು ಮುಟ್ಟಿ ನೋಡುವಳು. ಗಾಳಿ ಯಾವ ಕಡೆಗಿದೆಯೆಂದು ಸಣ್ಣ ಗರಿಯನ್ನು ಬಿಟ್ಟು ನೋಡುವಳು, ಅದು ನೆಲ ಮುಟ್ಟುವ ಮುಂಚೆ ಇನ್ನೊಂದು ಬಿಡುವಳು.

"ಹಕ್ಕಿ ಪುಕ್ಕ ಕಿತ್ತ ಹಾಗಿದೆ ಕೆಳಗೆ," ಎಂದು ಕರ್ಟ್ ಮೇಲಿನಿಂದ ಪಿಸುಗುಟ್ಟಿದ.

"ಬಾಯಿ ಮುಚ್ಚು."

ಜಿಂಕೆಗಳು ಬರುತ್ತಿದ್ದವು. ಆದರೆ ಕೊರಕಲಿನ ಆಚೆ ದಂಡೆಯಲ್ಲಿ, ಪೊದೆಯ ಮರೆಯಲ್ಲಿ, ಯಾವಾಗಲೂ ತುಸು ದೂರದಲ್ಲಿ. ಒಂದು ಮುಂಜಾನೆ ಕವಲುಕವಲಾದ ಕೊಂಬಿನ ದೊಡ್ಡ ಗಂಡು ಬಂದು, ಮೂವತ್ತು ಗಜದಾಚೆ ಬಯಲಿನಲ್ಲಿ ಅಡ್ಡಕ್ಕೆ ನಿಂತು ಓಕ್ ಕಾಯಿ ಮೆಲ್ಲತೊಡಗಿತು. ಗಾಲಿಬಿಲ್ಲಿಗೆ ಅದು ಮಕ್ಕಳಾಟ.

"ಮಾರಿಟ್," ಎಂದ ಕರ್ಟ್. ಅವಳು ಬಿಲ್ಲು ಎತ್ತಲಿಲ್ಲ. "ಮಾರಿಟ್, ಹೋಗ್ತಾ ಇದೆ." ಅದು ಹೊರಟೇ ಹೋಯಿತು.

ಕೆಳಗಿಳಿದ ಮೇಲೆ ಅವನು ಕ್ಯಾಮೆರಾದ ಚೀಲವನ್ನು ಬೇಕಾದದ್ದಕ್ಕಿಂತ ಜೋರಾಗಿ ಟ್ರಕ್ಕಿಗೆ ಎಸೆದ. "ಅಂಥದ್ದು ಈ ಕಣಿವೇಲಿ ಇನ್ನೆಷ್ಟಿದೆ ಅನ್ಕೊಂಡಿದೀಯ?"

"ದೂರ ಇತ್ತು."

"ನಿನಗೆ ದೂರ ಇತ್ತು."

"ಬಿಲ್ಲು ನನ್ನ ಕೈಲೇ ಇತ್ತಲ್ಲ."

ಸಂಜೆ ಸಿಗ್ನೆ ಬಾಗಿಲ ಬಳಿಯೇ ಕುರ್ಚಿ ನಿಲ್ಲಿಸಿಕೊಂಡಿದ್ದಳು. "ಬಂತಾ?" ಎಂದಳು. ಇಲ್ಲ ಎಂದಾಗ, "ಬರತ್ತೆ," ಎಂದಳು. ಪ್ರತಿ ಸಂಜೆಯೂ ಅದೇ ಎರಡು ಮಾತು. ಮೂರನೆಯದನ್ನು ಅವಳು ಆಡಿದ್ದರೆ ಒಳ್ಳೆಯದಿತ್ತೆಂದು ಮಾರಿಟಳಿಗೆ ಅನ್ನಿಸುತ್ತಿತ್ತು.

ಹೀಗೇ ಎರಡು ವಾರ ಕಳೆಯಿತು; ಮರುದಿನ ಬೆಳಕು ಹರಿದರೆ ಕೋವಿಯ ಬೇಟೆಗೆ ಅನುಮತಿಯಿರುವ ಕಾಲ ಶುರು. ಕಣಿವೆಯ ತುಂಬ ಬೇಟೆಗಾರರ ಕಿತ್ತಳೆ ಬಣ್ಣದ ಕೋಟುಗಳು, ಗುಂಡಿನ ಸದ್ದು. ಆ ಸಂಜೆ, ಬೆಳಕು ಬೂದುಬಣ್ಣಕ್ಕೆ ತಿರುಗುವ ಹೊತ್ತಿಗೆ, ಹೆಣ್ಣು ಜಿಂಕೆಯೊಂದು ಒಂಟಿಯಾಗಿ ಕೊರಕಲು ಹತ್ತಿ ಬಂತು. ನೇರ ಮರದ ಕಡೆಗೇ. ಇಪ್ಪತ್ತು ಗಜ. ಹದಿನೈದು. ಇನ್ನೂ ಹತ್ತಿರ. ಮುಖ ಇವರ ಕಡೆಗೇ ಇತ್ತು, ಮೈ ತಿರುಗಿಸಿರಲಿಲ್ಲ. ಪಕ್ಕೆ ಕಾಣುವವರೆಗೆ ಕಾಯಬೇಕು. ಕಾಯಬೇಕೆಂದು ಮಾರಿಟಳಿಗೆ ಗೊತ್ತಿತ್ತು. ಬೆನ್ನ ಹಿಂದೆ ಕ್ಯಾಮೆರಾದ ಸಣ್ಣ ಮೋಟಾರು ಹೊರಳುವುದು ಕೇಳಿಸಿತು. ಜಿಂಕೆ ಒಂದು ಹೆಜ್ಜೆ ಇಟ್ಟು ಅರ್ಧ ತಿರುಗಿತು. ಅವಳು ಹೆದೆ ಎಳೆದು, ಬೆರಳು ಕೆನ್ನೆಗೆ ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಬಿಟ್ಟುಬಿಟ್ಟಳು.

ಸದ್ದಿನಲ್ಲೇ ಗೊತ್ತಾಯಿತು. ಎದೆಗೂಡಿಗೆ ಬಿದ್ದ ಬಾಣದ ಸದ್ದಲ್ಲ ಅದು. ಒದ್ದೆ ಮೂಟೆಗೆ ಕೋಲು ಹೊಡೆದ ಹಾಗಿತ್ತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಾಲ್ಕು ನೆಗೆತ ನೆಗೆದು, ನಿಂತು, ಆಮೇಲೆ ನಡೆದುಕೊಂಡೇ ಜೌಗಿನ ಕಡೆಗೆ ಹೋಯಿತು.

"ಹೊಟ್ಟೆಗೆ," ಎಂದಳು ಮಾರಿಟ್.

"ಹೂಂ," ಎಂದ ಕರ್ಟ್. ಹೊಟ್ಟೆಗೆ ತಾಗಿದ ಜಿಂಕೆಯನ್ನು ಕೂಡಲೇ ಬೆನ್ನಟ್ಟಿದರೆ ಅದು ಎದ್ದೆದ್ದು ಮೈಲಿಗಟ್ಟಲೆ ಓಡುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಇಬ್ಬರೂ ಮನೆಗೆ ಹೋದರು. ಆ ಸಂಜೆ ಸಿಗ್ನೆಗೆ ಮಾರಿಟ್, "ತಾಗಿದೆ, ಬೆಳಗ್ಗೆ ಹುಡುಕ್ತೀವಿ," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಗ್ಗೆ ಹುಲ್ಲೆಲ್ಲ ಹಿಮ ಕಟ್ಟಿ ಬಿಳಿಚಿತ್ತು. ಇಬ್ಬರೂ ಯಾರ ಗುಂಡೂ ತಾಗದಿರಲೆಂದು ಕಿತ್ತಳೆ ಕೋಟು ತೊಟ್ಟು ಮಂಡಿಯೂರಿ ರಕ್ತ ಹುಡುಕಿದರು. ಒಂದು ಎಲೆಯ ಮೇಲೆ ಹನಿ, ಬಹಳ ದೂರದಲ್ಲಿ ಇನ್ನೊಂದು. ದೂರದ ಗುಡ್ಡದಲ್ಲಿ ಗುಂಡು ಹಾರಿದಾಗೆಲ್ಲ ಮಾರಿಟ್ ಬೆಚ್ಚುತ್ತಿದ್ದಳು. ಕೊನೆಗೆ ಜೌಗಿನಲ್ಲಿ, ಒಣಗಿದ ಜೊಂಡಿನ ನಡುವೆ ಜಿಂಕೆ ಸಿಕ್ಕಿತು. ಸತ್ತಿತ್ತು. ನರಿಯಂಥ ಕಯೋಟಿಗಳು ಅವರಿಗಿಂತ ಮೊದಲೇ ಬಂದಿದ್ದವು. ಒಂದು ತೊಡೆ ಮೂಳೆಯವರೆಗೂ ಖಾಲಿಯಾಗಿತ್ತು.

ಕರ್ಟ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಲೇ ಇದ್ದ.

"ಅದನ್ನ ಆರಿಸು."

ಅವನು ಆರಿಸಿದ. ಮಾರಿಟ್ ಜಿಂಕೆಯನ್ನು ಬಗ್ಗಿ ನೋಡಿ ಹೇಳಿದಳು: "ಈ ಪಕ್ಕ ಚೆನ್ನಾಗಿದೆ. ತಿರುಗಿಸಿ ಮಲಗಿಸೋಣ. ಮೇಲೆ ಬಿಲ್ಲು ಇಟ್ಟು ತೆಗಿ. ಬಾಣ ಬೀಳೋದನ್ನ ಕತ್ತರಿಸಿಬಿಡು."

"ಬೇಡ. ಇದ್ದದ್ದು ಇದ್ದ ಹಾಗೆ ಹಾಕೋಣ."

ಅವಳು ತಿರುಗಿ ನೋಡಿದಳು. ಮರದ ಬಿಲ್ಲೇ ಬೇಡ ಎಂದವನು ಇವನು.

"ಟೆಕ್ಸಾಸ್‌ನಲ್ಲಿ ನನ್ನ ಬಾಣ ತಪ್ಪಿ ತಾಗಿತ್ತಲ್ಲ," ಎಂದ ಕರ್ಟ್. "ಹುಡುಕೀ ಹುಡುಕೀ ಸಿಗಲೇ ಇಲ್ಲ. ಅದನ್ನ ಕತ್ತರಿಸಿ, ಮಾರನೇ ದಿನ ಇನ್ನೊಂದು ಹೊಡೆದು, ಕೈ ಎತ್ತಿ ಕುಣಿದೆ. ಆ ಕಂತು ಬಂದಾಗೆಲ್ಲ ನಾನು ಎದ್ದು ಹೊರಗೆ ಹೋಗ್ತೀನಿ. ನೀನು ನೋಡಿಲ್ವಾ?"

"ನಿನ್ನದನ್ನ ಬಚ್ಚಿಟ್ವಿ. ನನ್ನದನ್ನ ಮಾತ್ರ ಊರಿಗೆಲ್ಲ ತೋರಿಸ್ಬೇಕಾ?" ಅವಳ ದನಿ ಜೌಗಿನ ತುಂಬ ಕೇಳಿಸಿತು. "ವರ್ಷಕ್ಕೊಂದು ಸಲವೂ ಮರದ ಬಿಲ್ಲು ಟಿವೀಲಿ ಬರಲ್ಲ. ಬಂದದ್ದೂ ಹಿಂಗೆ ಬಂದ್ರೆ? ನೋಡಿದ್ರಾ, ಇದಕ್ಕೇ ಗಾಲಿ ಬೇಕು ಅಂತಾರೆ. ಅಮ್ಮ ಅದನ್ನ ಕೇಳ್ಬೇಕಾ?"

ಕರ್ಟ್ ಮೈ ಬಗ್ಗಿಸಿ ಜಿಂಕೆಯ ಮುಂಗಾಲು ಹಿಡಿದ. ಅವಳು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಇನ್ನೊಂದು ಕಾಲು ಹಿಡಿದಳು. ಇಬ್ಬರೂ ಅದನ್ನು ಎಳೆದುಕೊಂಡು ಗುಡ್ಡ ಹತ್ತಿದರು.

ಮಾಂಸವನ್ನು ಕತ್ತರಿಸುವುದು ಅಡುಗೆಮನೆಯ ಮೇಜಿನ ಮೇಲೆಯೇ ವಾಡಿಕೆ. ಸಿಗ್ನೆ ಆಗಲೇ ಏಪ್ರನ್ ಕಟ್ಟಿ, ಚಾಕು ಮಸೆದು ಕಾಯುತ್ತಿದ್ದಳು. ಇಷ್ಟು ತಿಂಗಳಲ್ಲಿ ಅವಳ ಮುಖ ಖುಷಿಯಿಂದ ಅಷ್ಟು ಕೆಂಪೇರಿದ್ದನ್ನು ಯಾರೂ ಕಂಡಿರಲಿಲ್ಲ. ಕರ್ಟ್ ಮುಂಗಾಲುಗಳನ್ನು ತಂದಿಟ್ಟ. ಬೆನ್ನಿನ ಪಟ್ಟಿಗಳು, ಆಮೇಲೆ ತೊಡೆ.

"ಇನ್ನೊಂದು ತೊಡೆ?"

ಮಾರಿಟ್ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು.

"ಕಯೋಟಿ ತಿಂದ್ವು, ಸಿಗ್ನೆ," ಎಂದ ಕರ್ಟ್. "ರಾತ್ರಿ ಬಿಡ್ಬೇಕಾಯ್ತು."

ಸಿಗ್ನೆ ಚಾಕುವನ್ನು ಮೇಜಿನ ಮೇಲಿಟ್ಟಳು. ರಾತ್ರಿ ಬಿಡಬೇಕಾಯಿತೆಂದರೆ ಏನೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. "ತೋರಿಸು," ಎಂದಳು.

"ಬೇಡಮ್ಮ."

"ನಿನ್ನ ಕೇಳ್ಲಿಲ್ಲ. ಕರ್ಟ್, ತೋರಿಸು."

ಅವನು ಲ್ಯಾಪ್‌ಟಾಪ್ ತಂದು ಮಾಂಸದ ಪಕ್ಕದಲ್ಲೇ ಇಟ್ಟ. ಕೊರಕಲು ಹತ್ತಿ ಬಂದ ಜಿಂಕೆ, ಮಾರಿಟಳ ಭುಜ, ಹಿಕರಿ ಬಿಲ್ಲಿನ ಮೇಲಿನ ತುದಿ. ಬಿಲ್ಲು ಪರದೆಯ ಮೇಲೆ ಕಂಡಾಗ ಸಿಗ್ನೆಯ ಬಾಯಿ ಸ್ವಲ್ಪ ತೆರೆಯಿತು. ಬಾಣ ಹೋಯಿತು. ಜಿಂಕೆ ಗೂನಾಗಿ ನಡೆಯಿತು. ಸಿಗ್ನೆ ಕೊನೆಯವರೆಗೂ ನೋಡಿದಳು, ಮಂಡಿಯೂರಿ ರಕ್ತ ಹುಡುಕುವುದನ್ನೂ, ಜೊಂಡನ್ನೂ, "ಅದನ್ನ ಆರಿಸು" ಎಂಬ ದನಿಯವರೆಗೂ.

"ಅವಸರ ಮಾಡಿದೆ ನೀನು," ಎಂದಳು.

"ಹೂಂ."

"ಇನ್ನೊಂದು ಹೆಜ್ಜೆ ಇಡ್ತಿತ್ತು ಅದು. ಕ್ಯಾಮೆರಾ ಇದೆ ಅಂತ ಅವಸರ ಮಾಡಿದೆ."

"ಕ್ಯಾಮೆರಾಗಲ್ಲಮ್ಮ," ಎಂದಳು ಮಾರಿಟ್, ಗೋಡೆಯ ಕಡೆ ಮುಖ ಮಾಡಿಯೇ. "ನೀನು ನೋಡ್ತೀಯ ಅಂತ."

ತೊಟ್ಟಿಯಲ್ಲಿ ನೀರು ಹರಿಯುತ್ತಿತ್ತು. ಕರ್ಟ್ ಹೋಗಿ ನಲ್ಲಿ ನಿಲ್ಲಿಸಿದ. ಸಿಗ್ನೆ ಮೇಜಿನ ಮೇಲಿದ್ದ ಒಂದೇ ತೊಡೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ರಾತ್ರಿಯೆಲ್ಲ ಅಲ್ಲಿ ಬಿದ್ದಿತ್ತಲ್ಲೇ ಅದು," ಎಂದಳು. ಗದರಿಸುವ ದನಿಯಾಗಿರಲಿಲ್ಲ, ಸಮಾಧಾನದ್ದೂ ಆಗಿರಲಿಲ್ಲ. ಆಮೇಲೆ ಚಾಕು ಎತ್ತಿಕೊಂಡು, "ನಾನು ನೋಡಿದ್ದನ್ನೇ ಎಲ್ಲರೂ ನೋಡ್ಲಿ. ಒಂದು ಚೂರೂ ಕತ್ತರಿಸ್ಬೇಡಿ," ಎಂದು ಮಾಂಸದಿಂದ ಮೂಳೆ ಬಿಡಿಸತೊಡಗಿದಳು.

ಮಾರಿಟ್ ಎರಡು ದಿನ ಕ್ಯಾಮೆರಾದ ಹತ್ತಿರವೂ ಸುಳಿಯಲಿಲ್ಲ. ಮೂರನೆಯ ದಿನ ತಾನೇ ಕರ್ಟನ ಪಕ್ಕ ಕುಳಿತು ಕಂತನ್ನು ಜೋಡಿಸಿದಳು. ಸಂಗೀತ ಹಾಕಲಿಲ್ಲ. ಕೊನೆಯಲ್ಲಿ ಅವಳೇ ಕ್ಯಾಮೆರಾದ ಎದುರು ನಿಂತು, ಜಿಂಕೆ ಪೂರ್ತಿ ತಿರುಗುವ ಮೊದಲೇ ನಾನು ಬಾಣ ಬಿಟ್ಟೆ, ಇದು ಬಿಲ್ಲಿನ ತಪ್ಪಲ್ಲ, ನನ್ನದು ಎಂದು ಹೇಳಿದಳು. ಹೇಳುವಾಗ ಎರಡು ಸಲ ತಡವರಿಸಿದಳು. ಅದನ್ನೂ ಹಾಗೇ ಬಿಟ್ಟರು.

ಪ್ಯಾಟ್ರೀಸ್ ನೋಡಿ ಫೋನ್ ಮಾಡಿದಳು. "ನನ್ನ ಕಣ್ಣಲ್ಲಿ ನೀರು ಬಂತು ಮಾರಿಟ್, ಸುಳ್ಳು ಹೇಳ್ತಿಲ್ಲ. ಆದ್ರೆ ಇದನ್ನ ಹಾಕಕ್ಕಾಗಲ್ಲ. ಶನಿವಾರ ಬೆಳಗ್ಗೆ ಜನ ತಿಂಡಿ ತಿನ್ನೋ ಹೊತ್ತು."

"ಜಿಂಕೆ ಬಿದ್ರೆ ಹಾಕ್ತೀವಿ ಅಂದಿದ್ರಿ."

"ಹಿಂಗೆ ಬೀಳತ್ತೆ ಅಂದ್ಕೊಂಡಿರ್ಲಿಲ್ಲಮ್ಮ."

ಆ ಶನಿವಾರ ಅದೇ ಹೊತ್ತಿಗೆ ಟೆಕ್ಸಾಸಿನ ಹಳೆಯ ಕಂತು ಬಂತು. ಕರ್ಟ್ ಏಳಲಿಲ್ಲ. ತಾನು ಕೈ ಎತ್ತಿ ಕುಣಿಯುವುದನ್ನು ಕೊನೆಯವರೆಗೂ ನೋಡಿದ. ಮುಗಿದ ಮೇಲೆ ಸಿಗ್ನೆ ಚೆನ್ನಾಗಿತ್ತು ಎನ್ನಲಿಲ್ಲ. "ಹೊರಗೆ ಹೋಗಿ ಇಬ್ಬರೂ," ಎಂದಳು. "ಈ ಮನೇಲಿ ಉಸಿರು ಕಟ್ಟತ್ತೆ."

ಕೋವಿಯ ಬೇಟೆ ಮುಗಿದು ಕಾಡು ಮತ್ತೆ ಬಿಲ್ಲಿನವರ ಪಾಲಿಗೆ ಬಂದಿತ್ತು. ಮಾರಿಟ್ ಹಿಕರಿ ಬಿಲ್ಲಿಗೆ ಹೆದೆ ಏರಿಸಿದಳು. ಕರ್ಟ್ ಕ್ಯಾಮೆರಾದ ಚೀಲದ ಬಳಿ ನಿಂತು ಅವಳ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಬರಿಗೈಯಲ್ಲಿ ಅವಳ ಹಿಂದೆ ನಡೆದ.

ಅಟ್ಟಣೆಯಲ್ಲಿ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿನಲ್ಲಿಟ್ಟ, ತೆಗೆದ, ಮಂಡಿಯ ಮೇಲಿಟ್ಟ. ಕೊನೆಗೆ ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕುಳಿತ. ಸದ್ದಿಲ್ಲದೆ ಹಿಮ ಬೀಳಲು ಶುರುವಾಯಿತು. ಕೊರಕಲಿನ ಆಚೆ ದಂಡೆಯಲ್ಲಿ ಜಿಂಕೆಯೊಂದು ಬಂದು ನಿಂತು, ಗೊರಸಿನಿಂದ ಎಲೆ ಕೆದಕಿ ತಿನ್ನತೊಡಗಿತು. ದೂರವಿತ್ತು. ಮಾರಿಟಳ ಬಿಲ್ಲು ಅವಳ ಮಡಿಲಲ್ಲೇ ಇತ್ತು. ಜಿಂಕೆಯ ಬೆನ್ನಿನ ಮೇಲೆ ಹಿಮ ಕರಗದೆ ಕೂರುತ್ತಿತ್ತು, ಅದು ತಿನ್ನುತ್ತಲೇ ಇತ್ತು.