ಪಟ್ಟಿ ತಾಗದ ಜಾಗ

ಸ್ನಾನಕ್ಕೆ ನಿಂತಾಗ ಸೋಪಿನ ಕೈ ಜಾರಿ ಅಲ್ಲಿಗೆ ಹೋಯಿತು. ಕಂಡಕ್ಟರಮ್ಮನ ಜೀವ ಬಾಯಿಗೆ ಬಂತು. ಬಲ ಎದೆಯ ಅಂಚಿನಲ್ಲಿ, ಕಂಕುಳ ಹತ್ತಿರ, ಕಡಲೆಕಾಳಿನಷ್ಟು ಗಟ್ಟಿ. ಒತ್ತಿದರೆ ನೋವಿಲ್ಲ. ನೋವಿಲ್ಲ ಅನ್ನುವುದೇ ಧೈರ್ಯವೂ ಆಯಿತು, ದಿಗಿಲೂ ಆಯಿತು. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ.

"ಏನೇ, ಬಚ್ಚಲಲ್ಲೇ ಸಂಸಾರ ಹೂಡಿದ್ಯಾ? ಬಸ್ಸು ನಿನ್ನ ಬಿಟ್ಟು ಹೊರಡುತ್ತೆ ನೋಡು!" ಹೊರಗಿನಿಂದ ಗಂಡ ಕೂಗಿದ.

"ಬಂದೆ," ಅಂದಳು. ವಿಷಯ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದಲ್ಲ.

ಡಿಪೋದ ಹೆಂಗಸರ ಕೋಣೆಯಲ್ಲಿ ಹಿರಿಯ ಕಂಡಕ್ಟರೊಬ್ಬಳು ಕೂತಿದ್ದಳು. ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕ. ಅವಳ ಕಿವಿಯಲ್ಲಿ ಪಿಸುಗುಟ್ಟಿದರೆ ಅವಳು ಇಡೀ ಕೋಣೆಗೆ ಕೇಳುವಂತೆ ನಕ್ಕಳು.

"ಅಯ್ಯೋ ಇದಾ? ಪಟ್ಟಿಗಂಟು ಕಣೇ!"

ಅಲ್ಲಿ ಅದು ದಿನಬಳಕೆಯ ಮಾತು. ಟಿಕೆಟ್ ಮಶೀನು, ಚಿಲ್ಲರೆ, ನೀರಿನ ಬಾಟಲಿ ಎಲ್ಲ ಹೊತ್ತ ಬ್ಯಾಗು ಒಂದು ಭುಜದಿಂದ ಎದೆಯ ಮೇಲೆ ಅಡ್ಡಡ್ಡ ಹಾದು ಇನ್ನೊಂದು ಪಕ್ಕದ ಸೊಂಟಕ್ಕೆ ಜೋತುಬೀಳುತ್ತದೆ. ಅದರ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕಪ್ಪಾಗುತ್ತದೆ, ಮಾಂಸ ಅಲ್ಲಲ್ಲಿ ಗಂಟುಕಟ್ಟುತ್ತದೆ, ರಜೆ ಹಾಕಿದರೆ ಇಳಿಯುತ್ತದೆ. ಹಾಗಾಗಿ ಎದೆಯಲ್ಲಿ ಏನೇ ಎದ್ದರೂ ಅದಕ್ಕೆ ಅದೊಂದೇ ಹೆಸರು.

"ಭುಜ ಬದಲಾಯಿಸು, ಕರಗುತ್ತೆ. ನಂಗೂ ಇದೆ, ಎಷ್ಟೋ ಕಾಲದಿಂದ. ಸತ್ತಿದೀನಾ? ನಿಮ್ಮ ತಲೆ ತಿನ್ನೋಕೆ ಇನ್ನೂ ಗುಂಡುಕಲ್ಲಿನ ಹಾಗಿದೀನಿ!"

ಎಲ್ಲರೂ ನಕ್ಕರು. ಕಂಡಕ್ಟರಮ್ಮನೂ ನಕ್ಕಳು. ಬ್ಯಾಗನ್ನು ಎಡಭುಜದಿಂದ ಬಲಭುಜಕ್ಕೆ ಹಾಕಿಕೊಂಡಳು.

ಗಂಟು ಕರಗಲಿಲ್ಲ. ದಿನ ಬೆಳಗಾದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಇವತ್ತು ಇರಲಾರದು ಎಂದು ಹುಡುಕುವುದು, ಸಿಕ್ಕಿದೊಡನೆ ಕೈ ಕಿತ್ತುಕೊಳ್ಳುವುದು. ತುಂಬಿದ ಬಸ್ಸಿನಲ್ಲಿ ಯಾರ ಮೊಣಕೈ ತಾಗಿದರೂ ಬೆಚ್ಚಿ ಎದೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಏನಮ್ಮಾ, ಸೀಟಿ ಊದೋದು ಮರೆತ್ಯಾ?" ಡ್ರೈವರು ಕನ್ನಡಿಯಲ್ಲೇ ರೇಗಿಸಿದ. "ಗಾಡಿ ಹೊರಡಿಸೋಕೆ ನಂಗೇನು ಕನಸು ಬೀಳ್ಬೇಕಾ?"

ಕೊನೆಗೆ ಡಿಪೋದ ಡಾಕ್ಟರ ಹತ್ತಿರ ಹೋದಳು. ಅವರು ತಲೆ ಎತ್ತಲಿಲ್ಲ. "ಬ್ಯಾಗಿಂದು. ನಿಮ್ಮೋರೆಲ್ಲ ಇದೇ ಹೇಳ್ಕೊಂಡು ಬರ್ತೀರಿ," ಎಂದು ಮುಲಾಮು ಬರೆದರು. ಅವರ ಬೆರಳು ಪೆನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಹೊರಗೆ ಶೆಡ್ಡಿನಲ್ಲಿ ಒಂದು ಬಸ್ಸು ಲಟಲಟ ಅನ್ನುತ್ತಿತ್ತು. ಇಬ್ಬರು ಮೆಕ್ಯಾನಿಕ್ಕುಗಳು ಅಂಗಾತ ಮಲಗಿ, ಟಾರ್ಚು ಹಿಡಿದು, ಅದರ ಅಡಿಯೆಲ್ಲ ತಡಕುತ್ತಿದ್ದರು.

ಮನೆಗೆ ಬಂದು ಬಾಗಿಲು ಹಾಕಿ, ಮುಲಾಮು ಹಚ್ಚಲು ಕನ್ನಡಿ ಮುಂದೆ ನಿಂತಳು. ಎಡಭುಜದಿಂದ ಇಳಿದ ಹಳೆಯ ಕಪ್ಪು ಗೆರೆ. ಬಲಭುಜದಿಂದ ಇಳಿದ ಹೊಸ ಕೆಂಪು ಗೆರೆ. ಗಂಟಿನ ಮೇಲೆ ಬೆರಳಿಟ್ಟಳು. ಎರಡು ಗೆರೆಗಳೂ ಅದರಿಂದ ದೂರದಲ್ಲೇ ಹಾದುಹೋಗಿದ್ದವು. ಯಾವ ಭುಜಕ್ಕೆ ಹಾಕಿದರೂ ಪಟ್ಟಿ ತಾಗದ ಜಾಗ ಅದು.

ಮುಲಾಮು ಹಚ್ಚಲಿಲ್ಲ, ಮುಚ್ಚಳ ತಿರುಗಿಸಿ ಇಟ್ಟುಬಿಟ್ಟಳು.

ಮರುದಿನ ಮತ್ತೆ ಡಾಕ್ಟರ ಬಾಗಿಲು. "ಮುಟ್ಟಿ ನೋಡಿ ಸಾರ್. ಇಲ್ಲಾಂದ್ರೆ ಮುಟ್ಟಿ ನೋಡೋರ ಹತ್ರ ಕಳಿಸಿ."

"ಡ್ಯೂಟಿ ತಪ್ಪಿಸೋಕೆ ಹೊಸ ನೆಪಾನಾ?"

"ಗಾಡಿ ಲಟಲಟ ಅಂದ್ರೆ ಅಡಿಗೇ ನುಗ್ಗಿ ನೋಡಿಸ್ತೀರಿ. ನಾನೂ ಇದೇ ಡಿಪೋದವಳು ಸಾರ್. ಚಕ್ರ ಇಲ್ಲ, ಅಷ್ಟೆ." ಅದು ಧೈರ್ಯವಾಗಿರಲಿಲ್ಲ, ಹೆದರಿಕೆಗೇ ಬಾಯಿ ಬಂದಿತ್ತು. "ನೋಡೋವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ."

ಬಾಗಿಲಾಚೆ ಜನ ಇಣುಕತೊಡಗಿದ ಮೇಲೆ ಡಾಕ್ಟರು ನರ್ಸನ್ನು ಕರೆದರು. ಪರದೆಯ ಹಿಂದೆ ನರ್ಸಿನ ಬೆರಳು ಒಂದು ಕಡೆ ನಿಂತಿತು, ಮತ್ತೆ ಅಲ್ಲಿಗೇ ಬಂತು. "ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಿಬಿಡಮ್ಮ," ಅಂದಳು.

ಹೋದಳು. ಅಲ್ಲಿ ಸ್ಕ್ಯಾನು ಮಾಡಿದರು, ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು.

ಫಲಿತಾಂಶ ಬರುವ ಮುಂಚೆ ಹೆಂಗಸರ ಕೋಣೆಯಲ್ಲಿ ಎಲ್ಲರೆದುರು ಕುಪ್ಪಸ ಸರಿಸಿ ತೋರಿಸಿದಳು: "ನೋಡ್ರೇ, ಗೆರೆ ಎಲ್ಲಿದೆ, ಗಂಟು ಎಲ್ಲಿದೆ. ಪಟ್ಟಿಗಂಟಂತೆ, ಪಟ್ಟಿಗಂಟು! ಎಲ್ರೂ ಹೋಗಿ ತೋರಿಸ್ಕೊಳ್ಳಿ."

ಯಾರೂ ನಗಲಿಲ್ಲ. ಎಲ್ಲರೂ ಹೊರಟ ಮೇಲೆ ದೊಡ್ಡಕ್ಕ ಮಾತ್ರ ಉಳಿದಳು.

"ನಂದೂ ಪಟ್ಟಿ ಕೆಳಗಿಲ್ಲ ಕಣೇ."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಿಮಗೆಲ್ಲ ಹೇಳ್ತಾ ಹೇಳ್ತಾ ನಂಗೇ ನಂಬಿಕೆ ಬರುತ್ತೆ ಅನ್ಕೊಂಡೆ." ಅವಳು ತಲೆ ತಗ್ಗಿಸಿದಳು. "ಈಗ ಅದು ಲಿಂಬೆಹಣ್ಣಷ್ಟಿದೆ."

ಫಲಿತಾಂಶದ ದಿನ ಕಂಡಕ್ಟರಮ್ಮ ದೊಡ್ಡಕ್ಕನನ್ನೂ ಎಳೆದುಕೊಂಡೇ ಹೋದಳು. ಅಲ್ಲಿನ ಡಾಕ್ಟರಮ್ಮ ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ಕ್ಯಾನ್ಸರೇ. ಆದ್ರೆ ಚಿಕ್ಕದಿರುವಾಗಲೇ ಬಂದಿದ್ದೀರಿ, ಹರಡಿದ ಹಾಗೆ ಕಾಣಿಸ್ತಿಲ್ಲ. ಗುಣವಾಗೋ ಸಾಧ್ಯತೆ ತುಂಬ ಇದೆ." ಮೊದಲ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಉಳಿದದ್ದು ನಿಧಾನವಾಗಿ ಇಳಿಯಿತು. ಹೊರಬಂದು ಬೆಂಚಿನ ಮೇಲೆ ದೊಡ್ಡಕ್ಕನ ಪಕ್ಕ ಕೂತಳು.

ಒಳಗಿನಿಂದ ದೊಡ್ಡಕ್ಕನನ್ನು ಪರೀಕ್ಷೆಗೆ ಕರೆದರು. ಅವಳು ಏಳಲಿಲ್ಲ. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

"ತಡ ಆಗಿದ್ರೆ ಏನೇ ಮಾಡೋದು?"

ಕಂಡಕ್ಟರಮ್ಮ ಬೆಂಚಿಗೆ ಅಂಟಿಕೊಂಡಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದಿನವಿಡೀ ಬಸ್ಸಿನಲ್ಲಿ ಕೂಗುವ ಮಾತೇ ಬಾಯಿಗೆ ಬಂತು.

"ಬಾಗಿಲಲ್ಲಿ ನಿಲ್ಬೇಡಿ ಅಕ್ಕಾ. ಒಳಗೆ ನಡೀರಿ, ಒಳಗೆ. ನಾನು ಹಿಂದೇ ಇದೀನಿ."