ಸುಣ್ಣ ಬಳಿದ ಬೂದುಗುಂಬಳ

ಚಂಡಮಾರುತ ರಾತ್ರಿಯೊಳಗೆ ದಡ ಮುಟ್ಟುತ್ತದೆ ಎಂದು ರೇಡಿಯೋ ಮಧ್ಯಾಹ್ನವೇ ಹೇಳಿತ್ತು. ವಿಶಾಖಪಟ್ಟಣದ ಬಂದರಿನಿಂದ ನೌಕಾಪಡೆಯ ಹಡಗುಗಳು ಬೆಳಿಗ್ಗೆ ಆಳ ಸಮುದ್ರಕ್ಕೆ ಹೊರಟಿದ್ದವು. ಬಿರುಗಾಳಿಗೆ ಕಟ್ಟೆಗೆ ಬಡಿದು ಒಡೆಯದಿರಲಿ ಎಂದು ಹಾಗೆ ಮಾಡುತ್ತಾರೆ. ಅವುಗಳಲ್ಲೊಂದರಲ್ಲಿ ರತ್ನಮ್ಮನ ಗಂಡ ಇಂದುಧರನಿದ್ದ.

ಅದೇ ಊರಿನ ಗಾಜುವಾಕದ ಬಾಡಿಗೆ ಮನೆಯ ಹಿತ್ತಲಲ್ಲಿ ರತ್ನಮ್ಮ ಬದನೆ, ಬೆಂಡೆ, ಎಳೆ ಹೀರೆ ಎಲ್ಲವನ್ನೂ ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಪಕ್ಕದ ಮನೆಯ ಸೂರ್ಯಕಾಂತಮ್ಮ ನೆರವಿಗೆ ಬಂದಿದ್ದಳು. ಆಕೆಯ ತಾಯಿ ಬಳ್ಳಾರಿಯವರಾದ್ದರಿಂದ ಇಬ್ಬರ ಮಾತೂ ಕನ್ನಡದಲ್ಲೇ. ಆಕೆಯ ಗಂಡ ಕಾಮೇಶ್ವರ ವಿಜಯವಾಡದಿಂದ ರೈಲು ಹತ್ತಿದ್ದ. ರೈಲು ನಡುದಾರಿಯ ತುನಿ ನಿಲ್ದಾಣದಲ್ಲಿ ನಿಂತಿದೆ ಎಂಬಷ್ಟೇ ಸುದ್ದಿ.

ಬಚ್ಚಲುಮನೆಯ ಹೆಂಚಿನ ಮೇಲೆ ಒಂದು ಬೂದುಗುಂಬಳ ಬಲಿತಿತ್ತು. ಬೀಜಕ್ಕೆ ಬಿಟ್ಟ ಕಾಯಿ. ಮದ್ದೂರಿನ ಹತ್ತಿರದ ತವರಿನಿಂದ ತಂದ ಬೀಜದ ಬಳ್ಳಿ ಅದು. ಅಮ್ಮ ತೀರಿಕೊಂಡ ಮೇಲೆ ತವರಿನ ಹಿತ್ತಲಲ್ಲಿ ಅಣ್ಣ ಹಿಟ್ಟಿನ ಗಿರಣಿ ಕಟ್ಟಿಸಿದ್ದ. ಈ ಕಾಯಿ ಬಿಟ್ಟರೆ ಆ ತಳಿ ಮತ್ತೆಲ್ಲೂ ಇರಲಿಲ್ಲ. ಯಾರೂ ಕೀಳದಿರಲೆಂದು, ಅಮ್ಮ ಮಾಡುತ್ತಿದ್ದಂತೆ, ರತ್ನಮ್ಮ ಅದಕ್ಕೆ ಸುಣ್ಣ ಬಳಿದಿದ್ದಳು.

ಬುಟ್ಟಿ ಒಳಗಿಟ್ಟು, ಬದನೆ ಗಿಡಗಳಿಗೆ ಊರುಗೋಲು ಹುಡುಕಿ ಹೊರಬರುವಷ್ಟರಲ್ಲಿ ಹೆಂಚಿನ ಮೇಲೆ ಕಾಯಿ ಇರಲಿಲ್ಲ. ಸೂರ್ಯಕಾಂತಮ್ಮ ಬೀದಿಯ ಕಡೆಯಿಂದ ಬರುತ್ತಿದ್ದಳು.

"ಅಕ್ಕಾ, ಕುಂಬ್ಳಕಾಯಿ ಎಲ್ಲಿ?"

"ದಿಷ್ಟಿಗಂತ ಸುಣ್ಣ ಹಚ್ಚಿ ಇಟ್ಟಿದ್ದೆಲ್ಲ, ನಿನಗ ಪುರುಸೊತ್ತಿಲ್ಲಂತ ನಾನೇ ನಿವಾಳಿಸಿದೆ. ನಿನ್ನ ಗಂಡನ ಹೆಸರಲೆ, ನಮ್ಮನಿಯವರ ಹೆಸರಲೆ. ಮೂರು ದಾರಿ ಕೂಡೋ ಕಡೆ ಒಡೆದು ಬಂದೆ."

"ಅದು ಬೀಜದ ಕಾಯಿ ಕಣಕ್ಕ. ನಮ್ ಕಡೆ ಬೀಜದ್ ಕಾಯಿಗೆ ಸುಣ್ಣ ಬಳೀತಾರೆ."

ಇಬ್ಬರೂ ಓಡಿದರು.

ಕೂಡುದಾರಿಯಲ್ಲಿ ಹೋಳುಗಳು ಚೆದುರಿದ್ದವು. ತಿರುಳಿಗೆ ಕುಂಕುಮ ಹತ್ತಿತ್ತು. ಮಳೆ ಶುರುವಾಗಿ ಚರಂಡಿ ತುಂಬಿ ರಸ್ತೆಗೆ ಹರಿಯುತ್ತಿತ್ತು. ರತ್ನಮ್ಮ ಬಗ್ಗಿದಳು. ಸೂರ್ಯಕಾಂತಮ್ಮ ಅವಳ ತೋಳು ಹಿಡಿದಳು.

"ಮುಟ್ಟಬ್ಯಾಡ. ಒಡೆದದ್ದನ್ನ ಮನಿಯವರು ಮುಟ್ಟಿದರ ದಿಷ್ಟಿ ತಿರುಗಿ ಬರ್ತದ. ನಿನ್ನ ಗಂಡ ನೀರಿನ ಮ್ಯಾಗ ಅದಾನ."

ರತ್ನಮ್ಮ ಅಂಥದ್ದನ್ನೆಲ್ಲ ಅಷ್ಟಾಗಿ ನಂಬಿದವಳಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ. ಒಂದು ಹೋಳು ತೇಲಿ ಮೋರಿಯತ್ತ ಸರಿಯಿತು.

"ಹೋಗ್ಲಿ ಬುಡಿ ಅಕ್ಕ," ಅಂದಳು.

ಸೂರ್ಯಕಾಂತಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತಳು.

"ನಿಮ್ಮೆಜಮಾನ್ರ ಹೆಸ್ರೂ ಹೇಳಿದ್ರಲ್ಲಕ್ಕ?"

"ಹೇಳೀನಿ. ಅವರು ತುನಿ ಪ್ಲಾಟ್‌ಫಾರಮ್ಮಿನಾಗ ಕುಂತು ಇಡ್ಲಿ ಸರಿಯಿಲ್ಲಂತ ಜಗಳ ಆಡ್ತಿರ್ತಾರ. ರೈಲು ಮುಳುಗಂಗಿಲ್ಲ. ನೀ ಆ ಕಡೆ ತಿರುಗು, ನೋಡಬ್ಯಾಡ."

ರತ್ನಮ್ಮ ತಿರುಗುವ ಮೊದಲು ನೋಡಿದಳು: ಆಕೆ ತಾಳಿಯನ್ನು ಕಣ್ಣಿಗೊತ್ತಿಕೊಂಡು ತಿರುಳು ಕೆರೆಯತೊಡಗಿದಳು.

ಸೂರ್ಯಕಾಂತಮ್ಮ ಬೀಜಗಳನ್ನು ಹೊರಗಿನ ನಲ್ಲಿಯಲ್ಲಿ ತೊಳೆದ ಮೇಲೆಯೇ ಹೊಸ್ತಿಲು ದಾಟಿದಳು. ಹಂಡೆಯ ಒಲೆಯ ಬೂದಿಯಲ್ಲಿ ಹೊರಳಿಸಿ ರತ್ನಮ್ಮ ಅವನ್ನು ಎರಡು ಬಟ್ಟೆಗಂಟು ಮಾಡಿದಳು.

"ಒಂದು ನಿಮ್ಮನೇಲಿರ್ಲಿ. ಒಂದ್ ಸೂರು ಹಾರೋದ್ರೂ ಇನ್ನೊಂದಿರ್ತದೆ."

ಸೂರ್ಯಕಾಂತಮ್ಮ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಆದರೆ ಮನೆಗೆ ಹೋಗಲಿಲ್ಲ. ಇಬ್ಬರೂ ಬಾಗಿಲಿಗೆ ಅಕ್ಕಿಮೂಟೆ ಒತ್ತಿ, ಕಿರ್ರೆನ್ನುವ ರೇಡಿಯೋ ಮುಂದೆ ಕೂತರು. ತುನಿ ಎಂಬ ಹೆಸರು ಕೇಳಿದಾಗ ರತ್ನಮ್ಮ ಆಕೆಯ ಕೈ ಹಿಡಿದುಕೊಂಡಳು. ಮುಂದಿನ ಮಾತು ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ.