ಉಂಗುರಬೆರಳು ಮುಟ್ಟದ ತಂತಿ

ನಾನು ಕಟ್ಟಿಗೆಯ ಮೈಯ ಒಂದು ಗಿಟಾರ್. ಕೋಲ್ಕತ್ತದ ಓಣಿಯೊಂದರ ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಅಂಟಿಸಿ, ಉಜ್ಜಿ, ಮೆರುಗೆಣ್ಣೆ ಹಚ್ಚಿದರು. ಅಲ್ಲಿಯವರೆಗೆ ಸುಖವಾಗಿಯೇ ಇದ್ದೆ. ಆಮೇಲೆ ಆರು ಉಕ್ಕಿನ ತಂತಿ ಕಟ್ಟಿ ಬಿಗಿಯತೊಡಗಿದಾಗ ಎದೆ ಸೀಳಿಯೇ ಹೋಯಿತೆಂದು ನಡುಗಿದೆ. ಆ ನಡುಕಕ್ಕೇ ಅವರು ಸ್ವರ ಎಂದರು.

ಬೆಟಗೇರಿಯ ಸ್ಯಾಮ್ಸನ್ ಮಾಸ್ತರರು ನನ್ನನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಇಪ್ಪತ್ತೆರಡು ವರ್ಷ ಅವರೊಡನೆ ಪ್ರಾರ್ಥನಾಲಯದಲ್ಲಿ ನುಡಿದೆ. ಭುಜದ ನೋವು ಹೆಚ್ಚಾದಾಗ ಅವರು ನನ್ನನ್ನು ಕೃಪಾವತಿಗೆ ಕೊಟ್ಟರು. ಆಕೆ ಅದೇ ಓಣಿಯ ಅಂಗನವಾಡಿ ಟೀಚರ್. ಎಲ್ಲ ತಂತಿಗಳನ್ನೂ ಒಮ್ಮೆಲೇ ಬಾರಿಸಿದರೆ ಮಕ್ಕಳ ಎಳೆಯ ದನಿ ಮುಚ್ಚಿಹೋಗುತ್ತದೆ, ಒಂದೊಂದೇ ತಂತಿ ಮೀಟಲು ಕಲಿಸಿರಿ ಎಂದು ಕೇಳಿಕೊಂಡಿದ್ದಳು.

ಸಂಜೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಪಾಠ. ಹೆಬ್ಬೆರಳಿಗೆ ಮೇಲಿನ ಮೂರು ದಪ್ಪ ತಂತಿ. ತೋರುಬೆರಳು, ನಡುಬೆರಳು, ಉಂಗುರಬೆರಳಿಗೆ ಕೆಳಗಿನ ಒಂದೊಂದು.

"ಕೈ ಕುಣೀಬಾರದು, ಬೆರಳಷ್ಟ ನಡೀಬೇಕು. ಒಂದು, ಎರಡು, ಮೂರು, ನಾಕು" ಎಂದು ಮಾಸ್ತರರು ಎಣಿಸುತ್ತಿದ್ದರು.

ಮೂರರ ತನಕ ಚೆನ್ನಾಗಿ ನುಡಿಯುತ್ತಿದ್ದೆ. ನಾಲ್ಕಕ್ಕೆ ಬಂದರೆ ಉಂಗುರಬೆರಳು ಒಮ್ಮೆ ಗಾಳಿಯಲ್ಲಿ ಆಡುತ್ತಿತ್ತು, ಒಮ್ಮೆ ತಂತಿಯನ್ನು ಕಿತ್ತೇಬಿಡುವಂತೆ ಹಾಯುತ್ತಿತ್ತು.

"ಮನಸ್ಸೆಲ್ಲೈತಿ ತಂಗಿ?"

"ಇಲ್ಲೇ ಐತ್ರಿ ಮಾಸ್ತರ. ಬೆರಳ ಮಾತು ಕೇಳವಲ್ದು."

ಹಟಕ್ಕೆ ಬಿದ್ದು ಮನೆಯಲ್ಲೂ ಅದನ್ನೇ ಅಭ್ಯಾಸ ಮಾಡಿದಳು. ನನಗೆ ಏನೋ ಅಂಜಿಕೆ. ಹೊಸಬರ ಬೆರಳು ತಂತಿಗೆ ತಾಗುವ ಮುನ್ನ ನೋವಿಗೆ ಹೆದರಿ ಚೂರು ಹಿಂಜರಿಯುತ್ತದೆ. ಈ ಬೆರಳು ಹಿಂಜರಿಯುತ್ತಲೇ ಇರಲಿಲ್ಲ.

ಒಂದು ಸಂಜೆ ಮಾಸ್ತರರ ಎಣಿಕೆ ಥಟ್ಟನೆ ನಿಂತಿತು. ನನ್ನ ಮೈಮೇಲೆ ಕೆಂಪು ಹನಿ ಇಳಿಯುತ್ತಿತ್ತು.

"ಕೃಪಾ, ರಕ್ತ!"

"ಯಾರದ್ರಿ?" ಎಂದಳು ಆಕೆ.

ಮಾಸ್ತರರು ಆಕೆಯ ಕೈಯನ್ನು ತಮ್ಮ ಕಡೆ ಎಳೆದುಕೊಂಡರು. ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಆ ಬೆರಳನ್ನು ಮುಟ್ಟಿದರು. ಮತ್ತೊಮ್ಮೆ ಮುಟ್ಟಿದರು. ಮೂರನೆಯ ಸಲ ಒತ್ತಿಯೇ ಹಿಡಿದರು.

"ಮುಟ್ಟ್ರಿ ಮತ್ತ, ಯಾಕ ಸುಮ್ನ ಕುಂತ್ರಿ?" ಎಂದಳು ಕೃಪಾವತಿ, ಕಣ್ಣು ಮುಚ್ಚಿಕೊಂಡೇ.

ಆಕೆ ರವಿಕೆಯ ತೋಳು ಮಡಚಿದಾಗ ಮೊಣಕೈ ಬಳಿ ಬಿಳಿಚಿದ ಮಚ್ಚೆ ಕಂಡಿತು. ಬರೀ ಚರ್ಮದ ಕಲೆ, ಸಿಬ್ಬು ಎಂದುಕೊಂಡು ವರ್ಷದಿಂದ ಮುಚ್ಚಿಟ್ಟಿದ್ದಳಂತೆ. ಮರುದಿನ ದವಾಖಾನೆಯಿಂದ ಬಂದವಳು ಗಂಡ ಯೋಹಾನನಿಗೆ ಒಂದೇ ಶಬ್ದ ಹೇಳಿದಳು: "ಕುಷ್ಠ."

ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ ಎಂದಿದ್ದರು ಡಾಕ್ಟರು. ಯಾರ ಹೆಸರೂ ಎತ್ತದೆ ಅಂಗನವಾಡಿಯ ಮಕ್ಕಳನ್ನೂ ತಪಾಸಣೆ ಮಾಡಿದರು, ಎಲ್ಲರೂ ಚೆನ್ನಾಗಿದ್ದರು. ಆದರೂ ಆಕೆಯ ಜೀವ ಹೊಡೆದುಕೊಳ್ಳುತ್ತಲೇ ಇತ್ತು. ತನ್ನ ತಾಟು ಬೇರೆ ಇಟ್ಟಳು. ಯೋಹಾನ ಅದನ್ನು ತಂದು ಮತ್ತೆ ತನ್ನದರ ಪಕ್ಕ ಇಟ್ಟರೂ ಆಕೆ ಹೊರಗೇ ಕೂತು ಉಂಡಳು. ನನ್ನನ್ನು ಮೆರುಗು ಹೋಗುವಂತೆ ಔಷಧಿ ನೀರಿನಿಂದ ತಿಕ್ಕಿ, ಮಾಸ್ತರರ ಕಟ್ಟೆಯ ಮೇಲಿಟ್ಟು ದೂರ ನಿಂತಳು.

"ತಿರುಗಿ ತಗೋರಿ ಮಾಸ್ತರ. ಒರಸೇನಿ, ಆದ್ರೂ ಬಿಸಲಾಗ ಇಟ್ಟ ಮುಟ್ರಿ."

ಮಾಸ್ತರರು ಕೂಡಲೇ ನನ್ನನ್ನು ಎಳೆದುಕೊಂಡು ನುಡಿಸಿದರು. ಅವರ ಬೆರಳುಗಳು ತಂತಿಗೆ ತಾಗುವ ಮುನ್ನ ಚೂರು ಹಿಂಜರಿದವು. ಅವರಿಗೂ ಹೆದರಿಕೆಯಾಗಿತ್ತು. ನನಗೆ ತಿಳಿಯಿತು, ಆಕೆಗೆ ಕಾಣಲಿಲ್ಲ.

"ಮೂರು ಬೆರಳು ಗಟ್ಟಿ ಅದಾವಲ್ಲ? ಮೂರರಾಗ ಕಲಿಯೂಣು" ಎಂದರು. "ನುಡಿಸೂ ಮುಂಚೆ ಬೆರಳು ನೋಡ್ಕೋ, ನುಡಿಸಿದ ಮ್ಯಾಲೂ ನೋಡ್ಕೋ. ನೋವು ತಿಳಿಸವಲ್ದು, ಕಣ್ಣರ ತಿಳಿಸ್ಲಿ."

ಉಕ್ಕಿನ ತಂತಿ ಬಿಚ್ಚಿ, ಮೆತ್ತನೆಯ ನೈಲಾನ್ ತಂತಿ ಕಟ್ಟಿದರು. ಕೆಳಗಿನ ಎರಡು ತಂತಿಗಳನ್ನೂ ನಡುಬೆರಳೇ ನೋಡಿಕೊಳ್ಳಬೇಕಾಯಿತು. ಎಷ್ಟೋ ದಿನ ಆಕೆ ಅರ್ಧಕ್ಕೇ ನಿಲ್ಲಿಸಿ, ಉಳಿದ ಬೆರಳುಗಳನ್ನು ಕಚ್ಚಿ ನೋಡಿಕೊಳ್ಳುತ್ತಿದ್ದಳು. ನೋವಾದರೆ ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದಳು. ವರ್ಷ ಪೂರ್ತಿ ಗುಳಿಗೆ ನುಂಗಿದಳು. ರೋಗ ಹೋಯಿತು, ಆ ಬೆರಳಿನ ಜೋಮು ಉಳಿಯಿತು.

ಆಮೇಲೆ ಒಂದು ದಿನ ತಾಯಂದಿರ ಸಭೆ. ಮಕ್ಕಳು ಹಾಡಿದರು, ಆಕೆ ಮೂರೇ ಬೆರಳಲ್ಲಿ ಮೀಟಿದಳು. ಹಾಡು ಮುಗಿದಾಗ ಎದ್ದು ನಿಂತು, ತನಗೆ ಏನಾಗಿತ್ತು ಎಂಬುದನ್ನು ಹೇಳಿಯೇಬಿಟ್ಟಳು. ನನ್ನ ಕತ್ತು ಹಿಡಿದ ಅಂಗೈ ಬೆವತು ಜಾರುತ್ತಿತ್ತು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಹೊರನಡೆದಳು. ದುರಗವ್ವ ಎಂಬಾಕೆ ಎದ್ದಾಗ ಇವಳೂ ಹೊರಟಳು ಎಂದುಕೊಂಡೆ. ಆಕೆ ನೇರ ನಮ್ಮ ಬಳಿಗೆ ಬಂದು, ಸೆರಗು ಸರಿಸಿ ಹೆಗಲು ತೋರಿಸಿದಳು.

"ಟೀಚರ, ಇದನ್ನೊಂದೀಟ ನೋಡ್ರಿ."

ಕೃಪಾವತಿ ನನ್ನನ್ನು ನೆಲಕ್ಕಿಟ್ಟು, ಆಕೆಯ ಕೈ ಹಿಡಿದು ಬೆಳಕಿಗೆ ಕರೆದೊಯ್ದಳು.

ಈಗ ನನ್ನ ಹೊಟ್ಟೆ ಉಬ್ಬಿದೆ, ಕತ್ತು ಬಾಗಿದೆ. ಅಂಗನವಾಡಿಯ ಕಪಾಟಿಗೆ ಒರಗಿ ನಿಂತಿದ್ದೇನೆ. ದುರಗವ್ವನ ನಂತರ ಇನ್ನೂ ಮೂವರು ಈ ಬಾಗಿಲಿಂದಲೇ ಕೃಪಾವತಿಯ ಜೊತೆ ದವಾಖಾನೆಗೆ ಹೋದರು. ಒಬ್ಬರೂ ಧೈರ್ಯದಿಂದ ಹೋಗಲಿಲ್ಲ. ಹೆದರುತ್ತಲೇ ಹೋದರು.